ಶಾಲೆಗಳಲ್ಲಿ ಪ್ರತಿಮುದ್ರಣದ ವೆಚ್ಚ

ಶಾಲೆಯೊಂದು ಮುದ್ರಣಯಂತ್ರವನ್ನು ಕೊಳ್ಳುವಾಗ ಬಹುಮಟ್ಟಿಗೆ ಅಂಗಡಿಯ ಬೆಲೆಯನ್ನೇ ನೋಡಲಾಗುತ್ತದೆ. ಆದರೆ ಶಾಯಿ, ಕಾಗದ, ದುರಸ್ತಿ, ಕೆಟ್ಟುಹೋದ ಹಾಳೆ ಇವೆಲ್ಲವೂ ಸೇರಿದಾಗಲೇ ಒಂದು ಪುಟದ ನಿಜವಾದ ವೆಚ್ಚ ತಿಳಿಯುವುದು. ಕುಂದಾಪುರ ತಾಲೂಕನ್ನೂ, ೨೦೧೮ರಲ್ಲಿ ರೂಪುಗೊಂಡ ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳನ್ನೂ ದೃಷ್ಟಿಯಲ್ಲಿಟ್ಟುಕೊಂಡು ಈ ಲೆಕ್ಕದ ಕ್ರಮವನ್ನು ಇಲ್ಲಿ ವಿವೇಚಿಸಿದ್ದೇವೆ. ಮಕ್ಕಳ ಸಂಖ್ಯೆಯನ್ನು ಬದಿಗಿಟ್ಟು ಯಾವ ಯಂತ್ರವನ್ನೂ ಅಗ್ಗವೆಂದಾಗಲಿ ತುಟ್ಟಿಯೆಂದಾಗಲಿ ಹೇಳಲಾಗದೆಂಬುದು ನಮ್ಮ ಅಭಿಪ್ರಾಯ.

ಹಿಂದಿನ ತಲೆಮಾರಿನ ಅಧ್ಯಾಪಕರು ಬಲ್ಲ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಶ್ರಮವೂ ವೆಚ್ಚವೂ ಮೊದಲ ಪ್ರತಿಯ ಮೇಲೆಯೇ ಬೀಳುತ್ತಿದ್ದವು. ಮೇಣ ಲೇಪಿಸಿದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಮೊನೆಯಿಂದ ಬರೆಯಬೇಕಾಗಿತ್ತು. ತಾಳೆಗರಿಯ ಮೇಲೆ ಕಂಟದಿಂದ ಬರೆದ ನಮ್ಮ ಹಿರಿಯರಿಗೆ ಈ ವಿದ್ಯೆ ಹೊಸದೆನಿಸುತ್ತಿರಲಿಲ್ಲ. ಕನ್ನಡದ ದುಂಡಕ್ಷರಗಳಲ್ಲಿ ಕೈ ತುಸು ಬಿಗಿಯಾದರೂ ಸುತ್ತಿನ ನಡುಭಾಗವೇ ಕಳಚಿ, ಅಕ್ಷರದ ಸ್ಥಾನದಲ್ಲಿ ಮಸಿಯ ಚುಕ್ಕೆ ಉಳಿಯುತ್ತಿತ್ತು. ಆದರೆ ಸ್ಟೆನ್ಸಿಲ್ ಒಮ್ಮೆ ಸಿದ್ಧವಾದರೆ ನೂರಾರು ಪ್ರತಿಗಳಿಗೆ ಕಾಗದವೂ ಅಲ್ಪ ಮಸಿಯೂ ಸಾಕಾಗುತ್ತಿದ್ದವು. ಚೆಸ್ಟರ್ ಕಾರ್ಲ್‌ಸನ್ ೧೯೩೮ರಲ್ಲಿ ಸಾಧಿಸಿದ ಒಣ ಪ್ರತಿಮುದ್ರಣ ವಿಧಾನವು ೧೯೫೯ರ ಜೆರಾಕ್ಸ್ ೯೧೪ ಯಂತ್ರದ ಮೂಲಕ ಕಚೇರಿಗಳನ್ನು ಪ್ರವೇಶಿಸಿದಾಗ ಈ ಲೆಕ್ಕವೇ ತಲೆಕೆಳಗಾಯಿತು. ಅಲ್ಲಿ ಪೂರ್ವಸಿದ್ಧತೆಯಿಲ್ಲ, ಮೊದಲ ಪ್ರತಿಗೂ ನೂರನೆಯ ಪ್ರತಿಗೂ ಒಂದೇ ವೆಚ್ಚ. ಬಹುಪಾಲು ಬಾಡಿಗೆಗೆ ಕೊಡಲಾಗುತ್ತಿದ್ದ ಆ ಯಂತ್ರದಲ್ಲಿ ಪ್ರತಿಗಳನ್ನೆಣಿಸುವ ಮೀಟರನ್ನೇ ಅಳವಡಿಸಿದ್ದರು.

ಈ ಎರಡು ಬಗೆಗಳ ಅಂತರವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಸ್ಟೆನ್ಸಿಲ್ ತತ್ತ್ವದ ಈಗಿನ ರೂಪವಾದ ಡಿಜಿಟಲ್ ಡೂಪ್ಲಿಕೇಟರಿನಲ್ಲಿ ಒಂದು ಮೂಲಹಾಳೆಗೆ ೪೦ ರೂಪಾಯಿ, ಪ್ರತಿಯೊಂದಕ್ಕೆ ೧೦ ಪೈಸೆಯ ಶಾಯಿ ಎಂದೂ, ಲೇಸರ್ ಯಂತ್ರದಲ್ಲಿ ಪ್ರತಿಗೆ ೬೦ ಪೈಸೆಯ ಟೋನರ್ ಎಂದೂ ಇಟ್ಟುಕೊಳ್ಳೋಣ. ಕಾಗದದ ಬೆಲೆ ಎರಡಕ್ಕೂ ಸಮಾನ. ೮೦ ಪ್ರತಿಗಳಿಗೆ ಎರಡೂ ಸರಿಸಮವಾಗುತ್ತವೆ. ಅದಕ್ಕೆ ಮೀರಿದರೆ ಡೂಪ್ಲಿಕೇಟರೇ ಅಗ್ಗ. ದೊಡ್ಡ ಪ್ರೌಢಶಾಲೆಗೆ ಇದು ಒಪ್ಪುವ ಮಾತು. ಇಪ್ಪತ್ತೈದು ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಗೆ ಅಲ್ಲ.

ಅಂಥ ಶಾಲೆಯ ಲೆಕ್ಕವನ್ನು ಬೇರೆಯಾಗಿಯೇ ನೋಡಬೇಕು. ವರ್ಷದಲ್ಲಿ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಪರೀಕ್ಷೆಗಳು. ನಾಲ್ಕು ವಿಷಯ, ಎರಡೆರಡು ಪುಟ. ಎಲ್ಲವನ್ನೂ ಶಾಲೆಯೇ ಅಚ್ಚುಮಾಡಿಕೊಂಡರೆ ೧,೨೦೦ ಪುಟಗಳಾಗುತ್ತವೆ. ಅಭ್ಯಾಸಪತ್ರ, ಸುತ್ತೋಲೆಗಳು ಸೇರಿ ೨,೦೦೦ ಎನ್ನೋಣ. ೨೦,೦೦೦ ರೂಪಾಯಿಯ ಯಂತ್ರ ಐದು ವರ್ಷ ಬಾಳಿದರೆ ಯಂತ್ರದ ಪಾಲೇ ಪುಟಕ್ಕೆ ೨ ರೂಪಾಯಿ. ವರ್ಷಕ್ಕೆ ೨೦,೦೦೦ ಪುಟ ತೆಗೆಯುವ ಶಾಲೆಯಲ್ಲಿ ಅದೇ ಯಂತ್ರದ ಪಾಲು ೨೦ ಪೈಸೆ ಮಾತ್ರ. ಸಮಗ್ರ ಶಿಕ್ಷಾ ಯೋಜನೆಯ ಮಾನದಂಡದಂತೆ ೩೦ರೊಳಗೆ ಮಕ್ಕಳಿರುವ ಸರಕಾರಿ ಶಾಲೆಗೆ ದೊರೆಯುವ ವಾರ್ಷಿಕ ಸಂಯುಕ್ತ ಅನುದಾನ ೧೦,೦೦೦ ರೂಪಾಯಿ. ಅದರಲ್ಲಿಯೇ ದುರಸ್ತಿ, ವಿದ್ಯುತ್ತು, ಪಾಠೋಪಕರಣಗಳೂ ಆಗಬೇಕು. ಹತ್ತನೆಯ ಒಂದು ಪಾಲು ಸ್ವಚ್ಛತೆಗೆ ಮೀಸಲು. ಇಂಥ ಶಾಲೆಗೆ ಸ್ವಂತ ಯಂತ್ರಕ್ಕಿಂತ ಜೆರಾಕ್ಸ್ ಅಂಗಡಿಯೇ ಲೇಸೆಂದು ತೋರುತ್ತದೆ. ಆದರೆ ಅಂಗಡಿಗಳು ಹೆಚ್ಚಾಗಿರುವುದು ರಾಷ್ಟ್ರೀಯ ಹೆದ್ದಾರಿ ೬೬ರ ಬದಿಯ ಪೇಟೆಗಳಲ್ಲಿ. ಘಟ್ಟದ ಬುಡದ ಊರಿನಿಂದ ಬೈಂದೂರಿಗೋ ಕುಂದಾಪುರಕ್ಕೋ ಇಳಿದು ಬರುವ ಅಧ್ಯಾಪಕರ ಬಸ್ಸಿನ ಖರ್ಚು ಯಾವ ಲೆಕ್ಕದಲ್ಲಿಯೂ ಸೇರುವುದಿಲ್ಲ. ಇಬ್ಬರೇ ಅಧ್ಯಾಪಕರಿರುವಲ್ಲಿ ಅರ್ಧ ದಿನದ ಪಾಠವೂ ಹೋಗುತ್ತದೆ. ಅದಕ್ಕೆ ಬೆಲೆ ಕಟ್ಟುವುದು ಹೇಗೆ? ಕೊನೆಗೆ ಪ್ರಶ್ನೆಗಳು ಕರಿಹಲಗೆಯ ಮೇಲೇರುತ್ತವೆ, ಮಕ್ಕಳು ಪರೀಕ್ಷೆಯ ಹೊತ್ತನ್ನು ನಕಲು ಮಾಡುವುದರಲ್ಲಿ ಕಳೆಯುತ್ತಾರೆ.

ಟೋನರ್ ಡಬ್ಬಿಯ ಮೇಲಿನ ಪುಟಸಂಖ್ಯೆಯನ್ನೂ ಹಾಗೆಯೇ ನಂಬುವಂತಿಲ್ಲ. ಅದು ಪುಟದ ಸುಮಾರು ಶೇಕಡ ೫ರಷ್ಟು ಭಾಗ ಮಾತ್ರ ಕಪ್ಪಾಗುವ ಮಾದರಿಗೆ ಹೊಂದಿದ ಎಣಿಕೆ. ಭೂಪಟವೊಂದನ್ನು ಅಚ್ಚುಹಾಕಿದರೆ ಈ ಮಿತಿ ದಾಟುತ್ತದೆ. ಚರಿತ್ರೆಯ ಅಧ್ಯಾಪಕರಾದ ನಾವಂತೂ ಭೂಪಟವನ್ನು ಬಿಡಲೊಲ್ಲೆವು. ಇನ್ನು ಕರಾವಳಿಯ ಮಳೆಗಾಲ. ತೇವ ಹೀರಿದ ಕಾಗದ ಸುರುಳಿಗೊಂಡು ಯಂತ್ರದಲ್ಲಿ ಸಿಲುಕುತ್ತದೆ, ಟೋನರಿನ ಪುಡಿಯೂ ಸರಿಯಾಗಿ ಹಿಡಿಯುವುದಿಲ್ಲ. ನೂರರಲ್ಲಿ ಹತ್ತು ಹಾಳೆ ಕೆಟ್ಟರೆ ಉಳಿದ ತೊಂಬತ್ತರ ಮೇಲೆ ಒಂಬತ್ತನೆಯ ಒಂದು ಪಾಲು ಹೆಚ್ಚಿನ ವೆಚ್ಚ ಬೀಳುತ್ತದೆ.

ಆದುದರಿಂದ ಸಣ್ಣ ಶಾಲೆಗಳು ಒಂದೊಂದೂ ಪ್ರತ್ಯೇಕ ಯಂತ್ರ ಕೊಳ್ಳುವ ಬದಲು ಕ್ಲಸ್ಟರ್ ಸಂಪನ್ಮೂಲ ಕೇಂದ್ರದಲ್ಲಿ ಒಂದು ಯಂತ್ರವಿರುವುದು ಮೇಲು. ಹತ್ತು ಶಾಲೆಗಳು ಒಂದೇ ಪ್ರಶ್ನೆಪತ್ರಿಕೆಯನ್ನು ಒಪ್ಪಿಕೊಂಡರೆ ಮೇಲೆ ಹೇಳಿದ ೮೦ರ ಗಡಿಯನ್ನು ದಾಟುವುದು ಕಷ್ಟವಲ್ಲ. ಯಂತ್ರ ಕೆಟ್ಟಾಗ ದುರಸ್ತಿಯ ಹಣವನ್ನು ಯಾವ ಶಾಲೆ ಎಷ್ಟು ಕೊಡಬೇಕೆಂಬುದನ್ನು ಕೊಳ್ಳುವ ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು. ಮಕ್ಕಳ ಸಂಖ್ಯೆಗಿಂತ ತೆಗೆದ ಪ್ರತಿಗಳ ಸಂಖ್ಯೆಯಂತೆ ಹಂಚುವುದೇ ನ್ಯಾಯವೆಂದು ನಮಗೆ ತೋರುತ್ತದೆ.