ಬ್ಯಾಂಕ್ ನಿಮ್ಮ ಗೃಹಸಾಲವನ್ನು ಬೇರೆ ಕಂಪನಿಗೆ ಮಾರಿದರೆ ಸಾಲ ಮನ್ನಾ ಆಗುತ್ತದೆಯೇ?

"ನಾವು ಸಹಿ ಹಾಕಿದ್ದು ಬ್ಯಾಂಕಿಗೆ. ಬ್ಯಾಂಕೇ ಸಾಲವನ್ನು ಬೇರೆ ಕಂಪನಿಗೆ ಮಾರಿದ ಮೇಲೆ ಒಂದು ರೂಪಾಯಿಯೂ ಕಟ್ಟಬೇಕಿಲ್ಲ!" ಇಂಥ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದನ್ನು ನಂಬಿ ಸುಮ್ಮನೆ ಕೂತರೆ ಮನೆಯೇ ಕೈತಪ್ಪಬಹುದು.

ಸಾಲ ಮಾರುವುದು ಎಂದರೇನು?

ಕಂತು ಕಟ್ಟುವುದು 90 ದಿನಕ್ಕಿಂತ ಹೆಚ್ಚು ಬಾಕಿಯಾದರೆ ಬ್ಯಾಂಕ್ ಆ ಸಾಲವನ್ನು ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎಂದು ಗುರುತಿಸುತ್ತದೆ. ಇಂಥ ಸಾಲಗಳನ್ನು ಎಆರ್‌ಸಿ ಎಂಬ ಕಂಪನಿಗಳು ಕಡಿಮೆ ಬೆಲೆಗೆ ಕೊಳ್ಳುತ್ತವೆ. 2002ರ ಸರ್ಫೇಸಿ ಕಾಯ್ದೆ ಇದಕ್ಕೆ ಅವಕಾಶ ಕೊಟ್ಟಿದೆ. ಸಾಲದ ಜೊತೆಗೆ ಮನೆಯ ಮೇಲಿನ ಅಡಮಾನದ ಹಕ್ಕೂ ಕೊಂಡವರಿಗೆ ಹೋಗುತ್ತದೆ. ಅಂದರೆ ಸಾಲಗಾರರು ನೀವೇ. ಬದಲಾದದ್ದು ಸಾಲ ಕೊಟ್ಟವರು ಮಾತ್ರ.

ಅವರು ಕೊಂಡ ಬೆಲೆ ಕೊಟ್ಟರೆ ಸಾಕೇ?

ಇಲ್ಲ. ಉದಾಹರಣೆಗೆ, 30 ಲಕ್ಷದ ಬಾಕಿಯನ್ನು ಕಂಪನಿ 15 ಲಕ್ಷಕ್ಕೆ ಕೊಂಡಿದ್ದರೂ ನಿಮ್ಮ ಬಾಕಿ 30 ಲಕ್ಷವೇ. ಆದರೆ ಕಡಿಮೆಗೆ ಕೊಂಡವರಿಗೆ ರಾಜಿಗೆ ಬರಲು ಜಾಗ ಇರುತ್ತದೆ. ಕೋರ್ಟು, ಹರಾಜು ಎಂದು ವರ್ಷಗಟ್ಟಲೆ ಅಲೆಯುವುದು ಅವರಿಗೂ ನಷ್ಟವೇ. ಹಾಗಾಗಿ ಒಂದೇ ಬಾರಿಗೆ ಇತ್ಯರ್ಥ ಅಥವಾ ಹೊಸ ಕಂತಿನ ವ್ಯವಸ್ಥೆಯನ್ನು ಲಿಖಿತವಾಗಿ ಕೇಳಿ. ಕೆಲಸ ಹೋಗಿದ್ದರೆ, ಮನೆಯಲ್ಲಿ ಕಾಯಿಲೆಯಿದ್ದರೆ ದಾಖಲೆ ಸಮೇತ ಹೇಳಿಕೊಳ್ಳಿ.

ನಾಳೆಯೇ ಹೊರಗೆ ಹಾಕಬಹುದೇ?

ಅದೂ ಸುಳ್ಳು. ಹೊಸ ಕಂಪನಿಗೂ ಹಳೆಯ ನಿಯಮಗಳೇ ಅನ್ವಯ:

- ಸರ್ಫೇಸಿ ಕಾಯ್ದೆಯಡಿ ಸ್ವಾಧೀನಕ್ಕೆ ಮುನ್ನ 60 ದಿನಗಳ ನೋಟಿಸ್ ಕೊಡಲೇಬೇಕು.
- ನೀವು ಆಕ್ಷೇಪಣೆ ಬರೆದರೆ, ಅದನ್ನು ಒಪ್ಪದಿದ್ದಲ್ಲಿ ಕಾರಣ ಸಮೇತ 15 ದಿನದೊಳಗೆ ಉತ್ತರಿಸಬೇಕು.
- ಸ್ವಾಧೀನದ ಕ್ರಮವನ್ನು 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಬಹುದು.
- ಹರಾಜಿನ ನೋಟಿಸ್ ಪ್ರಕಟವಾಗುವ ಮುನ್ನ ಬಾಕಿ ಮತ್ತು ಖರ್ಚು ಪೂರ್ತಿ ಕಟ್ಟಿದರೆ ಮನೆ ಉಳಿಯುತ್ತದೆ.
- ಹರಾಜಾದರೆ, ಬಾಕಿ ಮತ್ತು ಖರ್ಚು ಕಳೆದು ಉಳಿದ ಹಣ ನಿಮಗೆ ಸೇರಬೇಕು.
- ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ಬೆದರಿಸುವಂತೆಯೂ ಇಲ್ಲ.

ಹಣ ಕಟ್ಟುವ ಮುನ್ನ

"ನಿಮ್ಮ ಸಾಲ ನಾವು ಕೊಂಡಿದ್ದೇವೆ" ಎಂದು ಫೋನ್ ಬಂದ ಕೂಡಲೇ ದುಡ್ಡು ಹಾಕಬೇಡಿ. ಇದು ವಂಚಕರ ಕರೆಯೂ ಆಗಿರಬಹುದು. ಮೊದಲು ನಿಮ್ಮ ಬ್ಯಾಂಕ್ ಶಾಖೆಗೆ ಹೋಗಿ, ಸಾಲ ವರ್ಗಾವಣೆಯಾಗಿದೆ ಎಂಬ ಪತ್ರ ಕೇಳಿ. ಕಂಪನಿಯ ಹೆಸರು ಆರ್‌ಬಿಐ ವೆಬ್‌ಸೈಟಿನ ಎಆರ್‌ಸಿ ಪಟ್ಟಿಯಲ್ಲಿದೆಯೇ ನೋಡಿ. ನೀವು ಈವರೆಗೆ ಕಟ್ಟಿದ ಕಂತುಗಳೆಲ್ಲ ಅವರ ಲೆಕ್ಕದಲ್ಲಿ ಬಂದಿವೆಯೇ ಹೋಲಿಸಿ. ಏಜೆಂಟರ ಸ್ವಂತ ಯುಪಿಐ ನಂಬರಿಗೆ ಹಣ ಹಾಕಲೇಬೇಡಿ. ಪತ್ರದಲ್ಲಿ ತಿಳಿಸಿದ ಅಧಿಕೃತ ಖಾತೆಗೇ ಕಟ್ಟಿ ರಸೀದಿ ಪಡೆಯಿರಿ.

ಸಾಲ ಪೂರ್ತಿ ತೀರಿದ 30 ದಿನದೊಳಗೆ ಮನೆಯ ಮೂಲಪತ್ರಗಳು ನಿಮ್ಮ ಕೈಗೆ ಬರಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ಆರ್‌ಬಿಐ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಕೊನೆಯ ಮಾತು: ಸಾಲ ಕೈ ಬದಲಾಯಿಸಿದರೆ ಮನ್ನಾ ಆಗುವುದಿಲ್ಲ, ನಿಮ್ಮ ಹಕ್ಕೂ ಹೋಗುವುದಿಲ್ಲ. ನೋಟಿಸ್ ಬಂದರೆ ಬೀರುವಿನಲ್ಲಿ ಇಡಬೇಡಿ, ಅದೇ ವಾರ ವಕೀಲರಿಗೆ ತೋರಿಸಿ. ಆ ಮೆಸೇಜ್ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಬದಲು ಇದನ್ನು ಕಳಿಸಿ.