ಬೆರಳುಗಳಿಂದ ಗಿಟಾರನ್ನು ನುಡಿಸುವ ವಿದ್ಯೆ

ಗಿಟಾರೆಂಬ ವಾದ್ಯವು ಮಂಗಳೂರಿನವರಿಗೆ ಅಪರಿಚಿತವಾದುದಲ್ಲ. ಕೊಂಕಣಿ ಹಾಡುಗಳ ಕೂಟಗಳಲ್ಲಿಯೂ ದೇವಾಲಯದ ಗಾಯಕವೃಂದಗಳಲ್ಲಿಯೂ ಅದನ್ನು ಕಂಡು ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಅಲ್ಲೆಲ್ಲಾ ಅದು ಬಹುಮಟ್ಟಿಗೆ ಹಾಡುವವರ ಹಿಂದೆ ನಿಂತು, ಆರು ತಂತಿಗಳನ್ನೂ ಒಟ್ಟಾಗಿ ಸವರುವುದರಿಂದ ಶ್ರುತಿಯನ್ನೂ ತಾಳವನ್ನೂ ಒದಗಿಸುವ ಸೇವಕನಂತೆ ಇರುತ್ತದೆ. ಅದೇ ವಾದ್ಯವನ್ನು ಹೆಬ್ಬೆರಳಿನಿಂದಲೂ ಇತರ ಮೂರು ಬೆರಳುಗಳಿಂದಲೂ ಬೇರೆಬೇರೆಯಾಗಿ ಮೀಟಿದರೆ, ಹಾಡುವವರಿಲ್ಲದೆಯೇ ಅದು ತಾನಾಗಿ ಹಾಡುತ್ತದೆ. ಈ ಕ್ರಮಕ್ಕೆ ಫಿಂಗರ್‌ಸ್ಟೈಲ್ ಎಂದು ಹೆಸರು. ಇದನ್ನು ಈಗ ಕಲಿಯಲಾದೀತೋ ಎಂದು ಸಂಶಯಪಡುವ ಪೂರ್ವವಿದ್ಯಾರ್ಥಿನಿಯರಿಗೂ, ಮಗಳಿಗೆ ಕಲಿಸುವುದು ಸಾರ್ಥಕವೋ ಎಂದು ಯೋಚಿಸುವ ತಾಯಿತಂದೆಗಳಿಗೂ ಈ ಕೆಲವು ಮಾತುಗಳು ಪ್ರಯೋಜನವಾದಾವೆಂದು ನಂಬುತ್ತೇವೆ.

ಮೊದಲು ತಿಳಿಯತಕ್ಕದ್ದೇನೆಂದರೆ, ಈ ವಿದ್ಯೆಯ ಅರ್ಧಭಾಗವು ನಮ್ಮ ಕಿವಿಗಳಲ್ಲಿ ಆಗಲೇ ಇದೆ. 1834ನೆಯ ಇಸವಿ ಅಕ್ಟೋಬರ್ 30ರಂದು ಹೇಬಿಕ್, ಲೇನರ್, ಗ್ರೈನರ್ ಎಂಬ ಬಾಸೆಲ್ ಮಿಶನಿನ ಮೂವರು ಬೋಧಕರು ಮಂಗಳೂರಿಗೆ ಬಂದರು. ಆ ಮಿಶನಿನ ಮೂಲಕ ಜರ್ಮನ್ ಭಕ್ತಿಗೀತಗಳ ರಾಗಗಳು ಕನ್ನಡದ ಪದಗಳಿಗೆ ಹೊಂದಿ, ನಾಲ್ಕು ಧ್ವನಿಗಳಲ್ಲಿ ಹಾಡುವ ಪದ್ಧತಿಯು ಈ ಸೀಮೆಯಲ್ಲಿ ನೆಲೆಗೊಂಡಿತು. ಇದರಲ್ಲಿ ಸೊಪ್ರಾನೊ ರಾಗವನ್ನು ಹೊರುತ್ತದೆ, ಬಾಸ್ ತಳಪಾಯವಾಗುತ್ತದೆ, ಆಲ್ಟೊ, ಟೆನರ್‌ಗಳು ನಡುವನ್ನು ತುಂಬುತ್ತವೆ. ಆಲ್ಟೊ ಹಾಡಿದವಳ ಧ್ವನಿಯನ್ನು ಸಭೆಯು ಪ್ರತ್ಯೇಕವಾಗಿ ಗುರುತಿಸಲಾರದು. ಆದರೂ ಅವಳು ಬಾರದ ದಿನ ಗೀತವು ಬಡವಾಗುವದು. ಗಿಟಾರಿನಲ್ಲಿ ಹೆಬ್ಬೆರಳೇ ಬಾಸ್, ತೋರುಬೆರಳು ಟೆನರ್, ನಡುಬೆರಳು ಆಲ್ಟೊ, ಉಂಗುರಬೆರಳು ಸೊಪ್ರಾನೊ ಎಂದು ಭಾವಿಸಿಕೊಂಡರೆ ಈ ವಿದ್ಯೆಯ ಮರ್ಮವು ತಿಳಿದಂತಾಯಿತು.

ವೀಣೆಯನ್ನು ಬಲ್ಲವರಿಗೂ ಇದು ದೂರದ ಸಂಗತಿಯಲ್ಲ. ವೈಣಿಕರು ತೋರುಬೆರಳು ನಡುಬೆರಳುಗಳಿಂದ ನಾಲ್ಕು ತಂತಿಗಳನ್ನು ಮೀಟುತ್ತಾ, ಪಕ್ಕದ ಮೂರು ತಾಳದ ತಂತಿಗಳನ್ನು ಕಿರುಬೆರಳಿನಿಂದ ನುಡಿಸುತ್ತಾರೆ. ವೀಣೆಗೆ ಎರಡು ಸ್ಥಾಯಿಗಳಿಗೆ 24 ಮೆಟ್ಟುಗಳಿರುವಂತೆಯೇ ಗಿಟಾರಿನಲ್ಲಿಯೂ ಒಂದು ಸ್ಥಾಯಿಗೆ 12 ಮೆಟ್ಟುಗಳು. ಸಾಧಾರಣವಾಗಿ 65 ಸೆಂಟಿಮೀಟರ್ ಉದ್ದದ ತಂತಿಯನ್ನು ಹನ್ನೆರಡನೆಯ ಮೆಟ್ಟಿನಲ್ಲಿ ಒತ್ತಿದರೆ ಅರ್ಧಭಾಗವೇ ಕಂಪಿಸಿ ಮೇಲಿನ ಷಡ್ಜವು ಹೊರಡುತ್ತದೆ. ಏಳನೆಯ ಮೆಟ್ಟಿನಲ್ಲಿ ಒತ್ತಿದರೆ ಸುಮಾರು ಮೂರರಲ್ಲಿ ಎರಡು ಪಾಲು ಕಂಪಿಸಿ ಪಂಚಮವು ಕೇಳಿಸುತ್ತದೆ.

ಇನ್ನು ಅಭ್ಯಾಸದ ಕ್ರಮ. ಬೆನ್ನನ್ನು ನೆಟ್ಟಗಿಟ್ಟು ಕುಳಿತು, ಎಡಪಾದದ ಕೆಳಗೆ ಗಿಡ್ಡ ಮಣೆಯನ್ನಿಟ್ಟು, ವಾದ್ಯವನ್ನು ಎಡತೊಡೆಯ ಮೇಲೆ ನಿಲ್ಲಿಸಬೇಕು. ಎಡಗೈಯ ಬೆರಳು ಮೆಟ್ಟಿನ ಮೇಲಲ್ಲ, ಅದರ ಹಿಂದೆಯೇ ಸಮೀಪದಲ್ಲಿ ಒತ್ತತಕ್ಕದ್ದು. ಇಲ್ಲವಾದರೆ ಸ್ವರವು ಕರಕರಗುಟ್ಟುವದು. ಆರು ತಂತಿಗಳು ದಪ್ಪದಿಂದ ಸಣ್ಣದರ ವರೆಗೆ ಇ, ಎ, ಡಿ, ಜಿ, ಬಿ, ಇ ಎಂಬ ಸ್ವರಗಳಿಗೆ ಶ್ರುತಿಗೊಳ್ಳುತ್ತವೆ. ದಪ್ಪನೆಯ ಮೂರು ತಂತಿಗಳು ಹೆಬ್ಬೆರಳಿನ ಪಾಲು. ಉಳಿದ ಮೂರಕ್ಕೆ ಮೂರು ಬೆರಳುಗಳು. ಎ ಸ್ವರವನ್ನು ಷಡ್ಜವಾಗಿಟ್ಟುಕೊಂಡರೆ ಮಧ್ಯಮವು ಡಿ, ಪಂಚಮವು ಇ. ಈ ಮೂರೂ ದಪ್ಪ ತಂತಿಗಳಲ್ಲಿ ಎಡಗೈಯ ಸಹಾಯವಿಲ್ಲದೆ ದೊರೆಯುತ್ತವೆ. ಸರಳವಾದ ಅನೇಕ ಗೀತಗಳಿಗೆ ಈ ಮೂರು ಆಧಾರಗಳೇ ಸಾಕಾಗುವದರಿಂದ ಆರಂಭಕ್ಕೆ ಈ ಶ್ರುತಿಯು ಅನುಕೂಲವಾದದ್ದು.

ಮೊದಲ ವಾರಗಳಲ್ಲಿ ಹೆಬ್ಬೆರಳೊಂದೇ ಗಡಿಯಾರದಂತೆ ಸಮವಾಗಿ ನಡೆಯಲಿ. ಆ ಮೇಲೆ ಪ್ರತಿ ತಾಳಕ್ಕೆ ಸರಿಯಾಗಿ ರಾಗದ ಒಂದೊಂದು ಸ್ವರವನ್ನು ಉಂಗುರಬೆರಳಿನಿಂದ ಕೂಡಿಸಬೇಕು. ಕಟ್ಟಕಡೆಗೆ ಎರಡು ತಾಳಗಳ ನಡುವೆ ಬೀಳುವ ಸ್ವರಗಳನ್ನು ಸೇರಿಸಬೇಕು. ಕಷ್ಟವಿರುವುದು ಇಲ್ಲಿಯೇ, ಯಾಕಂದರೆ ಬೆರಳು ಎದ್ದಾಗ ಹೆಬ್ಬೆರಳೂ ಅದರ ಹಿಂದೆ ಓಡಲು ನೋಡುತ್ತದೆ. ಉಂಗುರಬೆರಳಾದರೋ, ಅದರ ಸ್ನಾಯುರಜ್ಜುಗಳು ನೆರೆಯ ಬೆರಳುಗಳೊಂದಿಗೆ ಬೆಸೆದಿರುವದರಿಂದ, ಎಲ್ಲವುಗಳಿಗಿಂತ ತಡವಾಗಿ ಸ್ವಾಧೀನಕ್ಕೆ ಬರುತ್ತದೆ. ಇದು ಕಲಿಯುವವಳ ದಡ್ಡತನವಲ್ಲ, ಕೈಯ ಸ್ವಭಾವ. ಇದಕ್ಕೆ ಮದ್ದು ನಿಧಾನವೊಂದೇ. ವಾರಕ್ಕೊಮ್ಮೆ ಎರಡು ತಾಸು ಕೂರುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ, ತಪ್ಪದಷ್ಟು ಮೆಲ್ಲಗೆ ನುಡಿಸುವುದು ಮೇಲು.

ಪಾತ್ರೆ ತೊಳೆದು ತರಕಾರಿ ಹೆಚ್ಚುವ ಕೈಗಳಲ್ಲಿ ಉಗುರು ಬೆಳೆಯುವುದೆಲ್ಲಿ ಎಂದು ಕೆಲವರು ಹಿಂಜರಿಯುವುದುಂಟು. ಸ್ಪೇನಿನ ಪ್ರಸಿದ್ಧ ವಾದಕರಾದ ಫರ್ನಾಂಡೊ ಸೋರ್ (1778–1839) ಉಗುರಿಲ್ಲದೆ ಬೆರಳ ತುದಿಯಿಂದಲೇ ನುಡಿಸುತ್ತಿದ್ದರು. ಫ್ರಾನ್ಸಿಸ್ಕೊ ತಾರೆಗಾ (1852–1909) ಸಹ ಕೊನೆಯ ವರ್ಷಗಳಲ್ಲಿ ಉಗುರುಗಳನ್ನು ಬಿಟ್ಟುಕೊಟ್ಟರು. ತಂತಿಯ ವಿಷಯದಲ್ಲಿ, 1940ರ ದಶಕದಲ್ಲಿ ಬಳಕೆಗೆ ಬಂದ ನೈಲಾನ್ ತಂತಿಗಳು ಎಳೆಯ ಬೆರಳುಗಳಿಗೆ ಮೃದು. ನಮ್ಮ ಕಡಲ ತೀರದ ಉಪ್ಪುಗಾಳಿಗೆ ಉಕ್ಕಿನ ತಂತಿಗಳಂತೆ ತುಕ್ಕು ಹಿಡಿಯುವುದೂ ಇಲ್ಲ. ಜೂನಿನಿಂದ ಸಪ್ಟೆಂಬರಿನ ವರೆಗಿನ ಮಳೆಗಾಲದಲ್ಲಿ ಮರವು ತೇವವನ್ನು ಹೀರಿ ಉಬ್ಬುವದರಿಂದ, ವಾದ್ಯವನ್ನು ಗೋಡೆಗೆ ಒರಗಿಸದೆ ಪೆಟ್ಟಿಗೆಯಲ್ಲಿಟ್ಟು ಕಾಪಾಡಬೇಕು.

ವಯಸ್ಸು ಮೀರಿತೆನ್ನುವವರಿಗೆ ಎಲಿಜಬೆತ್ ಕಾಟನ್ ಎಂಬಾಕೆಯ ವೃತ್ತಾಂತವು ಧೈರ್ಯಕೊಡತಕ್ಕದ್ದು. 1893ರಲ್ಲಿ ಅಮೇರಿಕೆಯ ಉತ್ತರ ಕೆರೊಲೈನಾದ ಬಡ ನೀಗ್ರೋ ಮನೆತನದಲ್ಲಿ ಹುಟ್ಟಿದ ಈಕೆ ಎಡಗೈಯವಳು. ಗುರುವಿಲ್ಲದೆ, ಗಿಟಾರನ್ನು ತಲೆಕೆಳಗಾಗಿ ಹಿಡಿದು, ಬೆರಳುಗಳಿಂದ ಮಂದ್ರವನ್ನೂ ಹೆಬ್ಬೆರಳಿನಿಂದ ರಾಗವನ್ನೂ ನುಡಿಸುವ ತನ್ನದೇ ಕ್ರಮವನ್ನು ಕಂಡುಕೊಂಡಳು. ವಿವಾಹವಾಗಿ ಮನೆವಾರ್ತೆಯ ಭಾರವೂ ಸಭೆಯ ಹಿರಿಯರ ಅಸಮ್ಮತಿಯೂ ಒದಗಿದಾಗ ಗಿಟಾರನ್ನು ಕೆಳಗಿಟ್ಟಳು. ಅನೇಕ ವರ್ಷ ಮುಟ್ಟಲಿಲ್ಲ. ಪರರ ಮನೆಯಲ್ಲಿ ಕೆಲಸಕ್ಕಿದ್ದಾಗ ಅದನ್ನು ತಿರಿಗಿ ಎತ್ತಿಕೊಂಡು, 1958ರಲ್ಲಿ, ತನ್ನ 65ನೆಯ ವಯಸ್ಸಿನಲ್ಲಿ, ಮೊದಲನೆಯ ಧ್ವನಿಮುದ್ರಿಕೆಯನ್ನು ಹೊರತಂದಳು. 1985ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದಳು. ಬಿಟ್ಟುಹೋದ ವಿದ್ಯೆಯು ಕೈಗಳಲ್ಲಿ ಅಡಗಿತ್ತೇ ಹೊರತು ಸತ್ತಿರಲಿಲ್ಲ.

ತಾಯಿತಂದೆಗಳು ಆಲೋಚಿಸಬೇಕಾದುದೂ ಇದನ್ನೇ. ಶಾಲೆಯನ್ನು ಬಿಟ್ಟ ಹುಡುಗಿಗೆ ಗಾಯಕವೃಂದವು ದೊರೆಯದೆ ಹೋಗಬಹುದು. ಪಿಯಾನೊವನ್ನು ಮುಂಬಯಿಗೋ ಕೊಲ್ಲಿಯ ದೇಶಗಳಿಗೋ ಹೊತ್ತುಕೊಂಡು ಹೋಗಲಾಗದು. ಮನೆಯಲ್ಲಿ ಒಬ್ಬಳೇ ಹಾಡುವಾಗ ರಾಗವೊಂದೇ ಉಳಿದು, ನಡುವಣ ಧ್ವನಿಗಳು ಮೊದಲು ಮರೆತುಹೋಗುತ್ತವೆ. ಅವಳ ಮಕ್ಕಳು ಅವನ್ನು ಕೇಳುವುದೇ ಇಲ್ಲ. ಒಂದು ಗಿಟಾರೂ ಶಿಕ್ಷಿತವಾದ ನಾಲ್ಕು ಬೆರಳುಗಳೂ ಇದ್ದರೆ ಆ ನಾಲ್ಕು ಧ್ವನಿಗಳು ಎಲ್ಲಿಗಾದರೂ ಅವಳೊಂದಿಗೆ ಹೋಗುವವು.