ಚಿತ್ತವಿಕಲತೆಯೂ ಗ್ಲುಟಮೇಟೂ

ಚೆನ್ನಾಗಿ ಓದುತ್ತಿದ್ದ ತರುಣನೊಬ್ಬನು ಬರಬರುತ್ತ ಮಂಕಾಗಿ, ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸುತ್ತಿದೆಯೆಂದರೆ, ‘ಗಾಳಿ ಸೋಕಿದೆ’ ಎನ್ನುವವರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಂಟು. ಆದರೆ ಅದು ಸ್ಕಿಜೋಫ್ರೀನಿಯ, ಎಂದರೆ ಚಿತ್ತವಿಕಲತೆ ಎಂಬ ಕಾಯಿಲೆಯಾಗಿರಬಹುದು. ಅದರ ಮೂಲವನ್ನು ವಿಜ್ಞಾನವು ಮಿದುಳಿನಲ್ಲಿ ಅರಸುತ್ತಿದೆ.

ಮಿದುಳಿನ ನರಕೋಶಗಳ ನಡುವೆ ಅತಿ ಸೂಕ್ಷ್ಮವಾದ ತೆರಪುಂಟು. ಅದನ್ನು ದಾಟಿ ಸಂದೇಶ ಮುಟ್ಟಿಸುವ ರಾಸಾಯನಿಕ ದೂತರಲ್ಲಿ ಡೋಪಮೀನ್ ಒಂದು. ೧೯೫೨ರಲ್ಲಿ ಮನೋರೋಗ ಚಿಕಿತ್ಸೆಗೆ ಬಂದ ಕ್ಲೋರ್‌ಪ್ರೊಮಜೀನ್ ಮೊದಲ್ಗೊಂಡು, ಈ ಕಾಯಿಲೆಯ ಬಹುಪಾಲು ಔಷಧಗಳು ಡೋಪಮೀನಿನ ಪ್ರಭಾವವನ್ನೇ ತಗ್ಗಿಸುತ್ತವೆ. ಅವುಗಳಿಂದ ಅನೇಕರಲ್ಲಿ ಇಲ್ಲದ ದನಿಗಳೂ ಹುಸಿ ಶಂಕೆಗಳೂ ಅಡಗುತ್ತವೆ. ನಿರುತ್ಸಾಹ, ಮರೆವುಗಳು ಮಾತ್ರ ಅಷ್ಟಾಗಿ ನೀಗುವುದಿಲ್ಲ. ಹಾಗಾದರೆ ಬೇರೊಬ್ಬ ದೂತನ ಪಾತ್ರವೂ ಇದೆಯೆ?

ಸುಳಿವು ದೊರೆತುದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ. ೧೯೫೦ರ ದಶಕದಲ್ಲಿ ಅರಿವಳಿಕೆಗಾಗಿ ಫೆನ್‌ಸೈಕ್ಲಿಡಿನ್ ಕೊಟ್ಟಾಗ, ಕೆಲವು ರೋಗಿಗಳು ಎಚ್ಚತ್ತ ಮೇಲೆ ಚಿತ್ತವಿಕಲರಂತೆಯೇ ವರ್ತಿಸಿದರು. ಅದರ ಬಂಧುವಾದ ಕೆಟಮೀನ್ ಕೂಡ ಅಂತಹ ಲಕ್ಷಣಗಳನ್ನು ತಾತ್ಕಾಲಿಕವಾಗಿ ತರಬಲ್ಲುದು. ಇವೆರಡೂ ಗ್ಲುಟಮೇಟ್ ಎಂಬ ದೂತನನ್ನು ಬರಮಾಡಿಕೊಳ್ಳುವ ಎನ್‌ಎಂಡಿಎ ಗ್ರಾಹಕವನ್ನು ಮುಚ್ಚುತ್ತವೆಂಬುದು ೧೯೮೦ರ ದಶಕದ ಮೊದಲಲ್ಲಿ ತಿಳಿಯಿತು.

ಚನ್ನಗಿರಿಯ ಸೂಳೆಕೆರೆಯನ್ನು ನೆನೆಯಿರಿ. ಕೆರೆ ತುಂಬಿದ್ದರೂ ತೂಬು ತೆರೆಯದಿದ್ದರೆ ಗದ್ದೆಗೆ ನೀರಿಲ್ಲ. ಎನ್‌ಎಂಡಿಎ ಗ್ರಾಹಕವು ಅಂತಹ ತೂಬು. ಇತರ ಕೋಶಗಳನ್ನು ಹತೋಟಿಯಲ್ಲಿಡುವ ಕಾವಲು ಕೋಶಗಳಲ್ಲಿ ಇದು ಸರಿಯಾಗಿ ತೆರೆಯದಿದ್ದರೆ ಕಾವಲು ಸಡಿಲುತ್ತದೆ. ಹತೋಟಿ ತಪ್ಪಿದ ಕೋಶಗಳು ಗ್ಲುಟಮೇಟನ್ನು ಮಿತಿಮೀರಿ ಸುರಿಸುತ್ತವೆ. ಇದು ವಿಜ್ಞಾನಿಗಳ ಊಹೆ. ಅಡುಗೆಯ ರುಚಿಪುಡಿಯಲ್ಲಿಯೂ ಗ್ಲುಟಮೇಟ್ ಉಂಟು. ಆದರೆ ಅದು ರಕ್ತದಿಂದ ಮಿದುಳಿಗೆ ಸುಲಭವಾಗಿ ನುಗ್ಗಲಾರದು. ಆದುದರಿಂದ ಅದು ಈ ಕಾಯಿಲೆಗೆ ಮದ್ದಲ್ಲ.

ಈ ತೂಬು ತೆರೆಯಲು ಗ್ಲೈಸೀನ್ ಎಂಬ ಮತ್ತೊಂದು ವಸ್ತುವೂ ಬೇಕು. ಅದನ್ನು ಹೆಚ್ಚಿಸುವ ಬಿಟೊಪರ್ಟಿನ್, ಐಕ್ಲೆಪರ್ಟಿನ್ ಎಂಬ ಔಷಧಗಳಲ್ಲಿ ಬಹಳ ಭರವಸೆಯಿತ್ತು. ದೊಡ್ಡ ಪರೀಕ್ಷೆಗಳಲ್ಲಿ ಮೊದಲನೆಯದು ೨೦೧೪ರಲ್ಲಿ, ಎರಡನೆಯದು ೨೦೨೫ರಲ್ಲಿ ಸೋತವು. ಅನ್ವೇಷಣೆ ನಿಂತಿಲ್ಲ.

ಅಲ್ಲಿಯವರೆಗೆ ರೋಗಿಯು ಕಾದು ಕುಳಿತಿರಬೇಕೆ? ಬೇಡ. ನೆರೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ೨೦೦೫ರಿಂದ ನಡೆದ ಅಧ್ಯಯನದಲ್ಲಿ, ಈಗಿರುವ ಔಷಧವನ್ನು ತಪ್ಪದೆ ಸೇವಿಸಿದವರು ಚಿಕಿತ್ಸೆಯಿಲ್ಲದವರಿಗಿಂತ ನಿತ್ಯಜೀವನವನ್ನು ಚೆನ್ನಾಗಿ ನಡೆಸುತ್ತಿದ್ದುದು ಕಂಡುಬಂದಿತು. ಜಗಳೂರು ತಾಲ್ಲೂಕಿನಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂತಹ ರೋಗಿಗಳಿಗೆ ಊರಿನಲ್ಲಿಯೇ ಪುನರ್ವಸತಿ ಕಲ್ಪಿಸುವ ಕೆಲಸದಲ್ಲಿ ಕೈಗೂಡಿಸಿದೆ. ಹೊನ್ನಾಳಿಯಾಗಲಿ ನ್ಯಾಮತಿಯಾಗಲಿ, ರೋಗಿಯ ಮನೆಯವರು ಮೊದಲು ಹೋಗಬೇಕಾದುದು ವೈದ್ಯರ ಬಳಿಗೆ. ಹೊಸ ಔಷಧ ಬರುವ ತನಕ ಹಳೆಯದನ್ನು ಬಿಡದಿರುವುದೇ ವಿವೇಕ.